ತಣ್ಣೀರ ನೇಮ

ಬೆಟಗೇರಿಯ ಈ ಓಣಿಯಲ್ಲಿ ಕರೆಂಟು ಹೋದಾಗಲೇ
ಮಾತು ಕೇಳುವುದು.
ಮಗ್ಗಗಳು ನಿಲ್ಲಲೆಂದು ಕಾದು, ಪಡಸಾಲೆಯಲ್ಲಿ
ಹಾಳೆ ಹಾಸಿ ಕೂತೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ,
ಬಿದ್ದವರಿಗೆ ಕರಿ ಶಾಯಿ.

ಐಶ್ವರ್ಯಾ, ಒಂಬತ್ತು ವರ್ಷ. ಮನೆಯಲ್ಲಿ ಐಸೂ.
ನೀರು ತುಂಬುವ ಹಬ್ಬದ ಮರುದಿನ ನಸುಕಿನಲ್ಲಿ
ಹಂಡೆಯ ನೀರು, ಮೂರನೇ ತಂಬಿಗೆ, ನೆತ್ತಿಗೆ ಬಿದ್ದದ್ದೇ
ನೋಟ ನೆಟ್ಟಿತು. ಎಡಗೈ ಯಾರನ್ನೋ ಕರೆಯುವಂತೆ
ಜಗ್ಗಿತು, ಜಗ್ಗಿತು. ಆಮೇಲೆ
ಇಡೀ ಮೈ.
ಸೋದರತ್ತೆ ಓಡಿ ಬಂದು ಟ್ರೇಜರಿಯ ಕೀಲಿಗೊಂಚಲು
ಮುಷ್ಟಿಯಲ್ಲಿ ತುರುಕಿದಳಂತೆ.

ಕೀಲಿಯಿಂದ ಏನೂ ಆಗದು ಎಂದು ನಾನು ಹೇಳಬೇಕು.
ಹೇಳಿದೆ. ಹೇಳಿ ಧಾರವಾಡಕ್ಕೆ ಮರಳಿ
ಇಡೀ ಚಳಿಗಾಲ ಒಂದು ಕದದ ಮುಂದೆ ಕೂತೆ.

ಕದವೆಂದರೆ, ಹೇಗೆ ಹೇಳಲಿ,
ನರಕೋಶದ ಗೋಡೆಯಲ್ಲಿ ಒಂದು ಸಂದು.
ಉಪ್ಪಿನ ಕಣ ಒಳನುಗ್ಗಲು ತೆರೆದು
ರೆಪ್ಪೆ ಬಡಿಯುವ ಹೊತ್ತಿನ ನೂರನೇ ಪಾಲಿನಲ್ಲಿ
ತಾನೇ ಮುಚ್ಚಿಕೊಳ್ಳುವಂಥದು.
ಕೂದಲಿಗಿಂತ ಸಪೂರ ಗಾಜಿನ ನಳಿಗೆ
ಕೋಶಕ್ಕೆ ತಾಗಿಸಿ, ಬಾಯಿಂದ ಮೆಲ್ಲಗೆ ಉಸಿರೆಳೆದರೆ
ಅಂಟುತ್ತದೆ. ಹತ್ತರಲ್ಲಿ ಆರು ಸಲ ಅಂಟುವುದಿಲ್ಲ.
ಅಂಟಿದರೆ ಪರದೆಯ ಮೇಲೆ ಗೆರೆಯೊಂದು
ಬಾವಿಗೆ ಬಿದ್ದ ಕೊಡದಂತೆ ಮುಳುಗಿ ಮೇಲೇಳುತ್ತದೆ.
ಲಾರಿ ಹಾದರೂ ನಡುಗುತ್ತದೆ ಆ ಗೆರೆ. ಅದಕ್ಕೇ ಕೆಲಸ
ರಾತ್ರಿ, ಹುಬ್ಬಳ್ಳಿ ರಸ್ತೆ ಮಲಗಿದ ಮೇಲೆ.

ಮೂವತ್ತೇಳು ಡಿಗ್ರಿಯಲ್ಲಿ ಐಸೂಳ ಕದ
ಎಲ್ಲರ ಕದದಂತೆ.
ನಲವತ್ತಕ್ಕೆ ಏರಿಸಿದೆ.
ಮುಚ್ಚಲು ತಡ. ಅರ್ಧ ಮಿಲಿಸೆಕೆಂಡು.
'ಎರಡು ಸಾವಿರ ಎಳೆಯ ಹೆಣಿಗೆಯಲ್ಲಿ ಒಂದು ತಪ್ಪಿದೆ'
ಎಂದು ಬರೆದು ಹೊಡೆದುಹಾಕಿದೆ.
ನೇಕಾರರ ಮನೆಗೆ ಹೋಗಿ ಎಳೆಯ ಮಾತಾಡಲು
ನಾಚಿಕೆ.

ಅಪ್ಪ ಈರಣ್ಣನ ರಕ್ತದಲ್ಲೂ ಅದೇ ತಪ್ಪು.
ಅವನು ಎಂದೂ ಬಿದ್ದವನಲ್ಲ. ಚೌಕದೊಳಗೆ ಚುಕ್ಕಿಯಿಟ್ಟೆ.
ಅದಕ್ಕೂ ಹಿಂದೆ?
"ನಮ್ಮ ಮನಿತನದಾಗ ಯಾರಿಗೂ ಇಲ್ಲರಿ."
ಹೆಣ್ಣು ತರುವ, ಹೆಣ್ಣು ಕೊಡುವ ಮನೆ.
ಇಲ್ಲವೆನ್ನಲೇಬೇಕು.
ಅಣ್ಣ ಗಂಗಾಧರ?
"ಬಚ್ಚಲದಾಗ ಕಾಲು ಜಾರಿ. ಹದಿನಾರು ಇದ್ದಾಗ."
ಚೌಕಕ್ಕೆ ಅಡ್ಡಗೆರೆ ಎಳೆದೆ.
ಅಮ್ಮ ನೀಲವ್ವ?
"ಅಕೀಗೇನಾಗ್ತದರಿ! ಐವತ್ತು ವರ್ಷಾತು, ತಣ್ಣೀರ ಜಳಕ.
ಥಂಡ್ಯಾಗೂ ಅದ, ಬಾಣಂತನದಾಗೂ ಅದ.
ನೇಮ."

ಮೂಲೆಯಲ್ಲಿ ಕಂಡಿಕೆ ಸುತ್ತುತ್ತಿದ್ದ ರಾಟೆ ನಿಂತಿತು.
ಎದ್ದು ಬಂದಳು. ಹಾಳೆಯ ಪಕ್ಕ ಮಂಡಿಯೂರಿ
"ನಂದು ಯಾವುದು?" ಎಂದಳು. ತೋರಿಸಿದೆ.
ನನ್ನ ಪೆನ್ನು ಇಸಿದುಕೊಂಡು, ಸೂಜಿ ಹಿಡಿದಂತೆ ಹಿಡಿದು
ವೃತ್ತ ತುಂಬತೊಡಗಿದಳು, ಗೆರೆಯಾಚೆ ಹೋಗದ ಹಾಗೆ,
ರಂಗೋಲಿಗೆ ಬಣ್ಣ ಹಾಕುವ ನಿಧಾನದಲ್ಲಿ.

"ಎಲ್ಲೀ ನೇಮೋ ಈರಣ್ಣಾ.
ಲಗ್ನದ ಹಿಂದಿನ ರಾತ್ರಿ ನಮ್ಮವ್ವ ಅಂದಿದ್ಲು,
ಬಿಸಿನೀರು ನೆತ್ತೀಗೆ ಹಾಕ್ಕೋಬ್ಯಾಡ,
ಯಾಕಂತ ಯಾರಿಗೂ ಹೇಳಬ್ಯಾಡ,
ನಾನೂ ಹೇಳಿಲ್ಲ."
ಅಡ್ಡಗೆರೆಯ ಚೌಕದ ಮೇಲೆ ಬೆರಳಿಟ್ಟು,
ಬಹಳ ಹೊತ್ತಿನ ಮೇಲೆ:
"ಇವಗ ಹೇಳಬೇಕಾಗಿತ್ತು."

ಈರಣ್ಣ ಎದ್ದು ಬಾಗಿಲ ಹೊರಗೆ ನಿಂತ.
ನಾನು ಔಷಧದ ಚೀಟಿ ಬರೆದೆ, ಬರೆಯಲು ಏನಾದರೂ ಬೇಕಿತ್ತು:
ಉಗುರುಬೆಚ್ಚಗಿನ ನೀರು. ಮೊದಲು ಕಾಲಿಗೆ, ನೆತ್ತಿಗೆ ಕಡೆಗೆ.
ಎರೆದುಕೊಳ್ಳುವ ದಿನ, ಮುಂಚೆ ಒಂದು ಮಾತ್ರೆ.
ನೀಲವ್ವ ಚೀಟಿಯನ್ನು ನೋಡಿದಳು,
ಬಚ್ಚಲ ಕಡೆ ನೋಡಿದಳು.
"ಈ ಮಾತ್ರಿ ನಾನೂ ತಗೋಬಹುದೇನ?"

ಹಾಳೆ ಸಾಲಲಿಲ್ಲ. ಅವಳ ಅವ್ವನಿಗೊಂದು ವೃತ್ತ ಬೇಕಿತ್ತು.
ಐಸೂ ಗಣಿತದ ನೋಟಬುಕ್ಕಿನಿಂದ ಪುಟ ಹರಿದು
ಅನ್ನದ ಅಗುಳಿನಿಂದ ಮೇಲೆ ಅಂಟಿಸಿದಳು.
ಹೆಸರೇನು ಎಂದೆ.
ನೀಲವ್ವ ಬಾಯಿ ತೆರೆದಳು,
ಅಷ್ಟರಲ್ಲಿ ಕರೆಂಟು ಬಂತು. ಓಣಿಯ ಮಗ್ಗಗಳೆಲ್ಲ
ಒಮ್ಮೆಗೇ ಹೊಡೆದುಕೊಳ್ಳತೊಡಗಿದವು.
ತುಟಿ ಆಡಿದ್ದು ಕಂಡಿತು.