ನಲವತ್ತು

ಈ ಬೀದಿಯ ಹನ್ನೊಂದು ಬೋರ್ಡನ್ನೂ ಬರೆದವನು ನಾನೇ.
ಹನ್ನೊಂದರಲ್ಲೂ ಬಾಯ್ದೆರೆದ ಅದೇ ಕತ್ತರಿ,
ಅದೇ ಹೆಂಗಸು, ಎಡಕ್ಕೆ ವಾಲಿದ ಕತ್ತು
(ಬಲಕ್ಕೆ ವಾಲಿಸಲು ನನ್ನ ಕೈಗೆ ಬರುವುದಿಲ್ಲ),
ಬುಡದಲ್ಲಿ ಫೋನ್ ನಂಬರು.

ಎಲ್ಲರಿಗಿಂತ ಬೇರೆ ಕಾಣಬೇಕು, ಅಂದ ಮಲಿಕ್.
ಅವನ ಕತ್ತರಿಗೆ ಚಿನ್ನದ ಬಣ್ಣ ಬಳಿದೆ.
ವಾರದೊಳಗೆ ಎದುರಿನವನ ಕತ್ತರಿಯೂ ಚಿನ್ನವಾಯಿತು,
ಆಮೇಲೆ ಪಕ್ಕದವನದು, ಆಮೇಲೆ ಸಾಲಿಗೆ ಸಾಲು.
ಐದು ಡಬ್ಬ ಬಣ್ಣ ಖರ್ಚು.
ನನಗೇನೋ ಒಳ್ಳೆಯ ತಿಂಗಳು.

ರುಫೀಸ್ಕಿನ ದರ್ಜಿಗಳ ಬೀದಿ ಇದು.
ತಬಾಸ್ಕಿ ಬಂತೆಂದರೆ
ಕುರಿ ಕೊಳ್ಳಲು ದುಡ್ಡಿಲ್ಲದವರಿಗೂ
ಹೊಸ ಬೂಬೂ ಬೇಕು.
ಬಂದ ಬಟ್ಟೆಗೆಲ್ಲ ಹೂಂ ಅನ್ನುತ್ತಾರೆ,
ಉಹೂಂ ಅಂದರೆ ಪಕ್ಕದಂಗಡಿಯ ಪಾಲಾಗುತ್ತದಲ್ಲ.
ನಾಳೆ ಬಾ, ಅನ್ನುತ್ತಾರೆ.
ನಾಳೆ ಹೋದರೆ, ನಾಳೆ ಬಾ.
ಹಬ್ಬದ ಹಿಂದಿನ ರಾತ್ರಿ ಹೊಸ್ತಿಲಲ್ಲಿ ಕೂತ ಹೆಂಗಸರಿಗೆ
ಮೂರು ಸುತ್ತು ಚಹಾ, ಮೂವತ್ತು ಸುತ್ತು ಆಣೆ:
ಕಾಜ ಒಂದೇ ಬಾಕಿ, ಕೊರಳಪಟ್ಟಿ ಒಂದೇ ಬಾಕಿ.
ಒಳಗೆ ಬಟ್ಟೆ ಇನ್ನೂ
ಅಂಗಡಿಯವನು ಮಡಿಸಿಕೊಟ್ಟ ಮಡಿಕೆಯಲ್ಲೇ ಇರುತ್ತದೆ.

ಪೆಂಡಾ ಸಾರ್ ಬಂದದ್ದು ಹನ್ನೆರಡನೆಯವಳಾಗಿ,
ಮುಚ್ಚಿಹೋದ ನವಣೆ ಗಿರಣಿಯ ಜಾಗಕ್ಕೆ.
ಒಂದು ಹೊಲಿಗೆ ಯಂತ್ರ,
ಗುಂಡಿ ಹಚ್ಚಲು ತಂಗಿಯ ಮಗ,
ಗೋಡೆ ಮುಟ್ಟಿದರೆ ಇನ್ನೂ ಹಿಟ್ಟು.
ಬೋರ್ಡ್ ಬೇಕು, ಅಂದಳು.
ಕತ್ತರಿಯ ಅಚ್ಚು ತೆಗೆದೆ.
ಕತ್ತರಿ ಬೇಡ.
ಹೆಂಗಸು?
ನಾನಿದ್ದೀನಲ್ಲ.
ಮತ್ತೇನು ಬರೆಯಲಿ ತಾಯಿ?
ನಲವತ್ತು.

ನಲವತ್ತು ಏನು?
ಹಬ್ಬದೊಳಗೆ ನನ್ನ ಕೈಲಾಗುವುದು ಅಷ್ಟು.
ಬರೀ ಕಪ್ಪು ಬಳಿದುಕೊಡು, ಸೀಮೆಸುಣ್ಣ ಹಿಡಿಯುವ ಹಾಗೆ.
ಒಂದು ಬಟ್ಟೆ ಬಂದರೆ
ಅಳಿಸಿ ಒಂದು ಕಡಿಮೆ ಬರೆಯುತ್ತೇನೆ.

ಬೀದಿ ನಕ್ಕಿತು.
ಗಿರಾಕಿಯನ್ನು ಎಣಿಸಿ ಓಡಿಸುವ ಅಂಗಡಿ, ಅಂದ ಚೇರ್ನೋ.
ಮೂವತ್ತೆಂಟಕ್ಕೆ ಬಂದು ಆರು ದಿನ ಅಲ್ಲೇ ನಿಂತಿತು.
ಕೊಟ್ಟ ದುಡ್ಡಿಗೆ ಕಪ್ಪು ಜಾಸ್ತಿ ಬಳಿದೆನೇನೋ
ಅಂತ ನನಗೇ ಕೆಡುಕೆನಿಸಿತು.
ಆಮೇಲೆ ಇಪ್ಪತ್ತೊಂಬತ್ತು. ಹದಿನೇಳು.
ಶಾಲೆಯ ಮಕ್ಕಳು ದಾರಿಯಲ್ಲಿ ನಿಂತು
ಗಟ್ಟಿಯಾಗಿ ಓದತೊಡಗಿದವು.
ಸೊನ್ನೆ ಬಿದ್ದ ಮರುದಿನ
ಡಕಾರಿನಿಂದ ಕಾರು ಬಂತು;
ನೀರಿನಂತೆ ಹೊಳೆಯುವ ಬಾಜೆಂ, ಎರಡು ಪಟ್ಟು ಕೂಲಿ.
ಪೆಂಡಾ ಬಟ್ಟೆ ಮುಟ್ಟಿ ನೋಡಿದಳು,
ಒಂದು ಗಳಿಗೆ ಕೈ ಅದರ ಮೇಲೇ ಇತ್ತು.
ಆಗೋದಿಲ್ಲಮ್ಮ, ಅಂದಳು.
ಮಲಿಕನ ಅಂಗಡಿ ತೋರಿಸಿದಳು.

ಹಬ್ಬದ ಹಿಂದಿನ ಸಂಜೆ
ಇಡೀ ಬೀದಿಯಲ್ಲಿ ಬೀಗ ಬಿದ್ದ ಅಂಗಡಿ ಅದೊಂದೇ.
ನಲವತ್ತು ಮನೆಗೆ ನಲವತ್ತು ಹೋಗಿದ್ದವು,
ಅವಳು ತಲೆಗೂದಲು ಹೆಣೆಸಿಕೊಳ್ಳಲು ಹೋಗಿದ್ದಳು.
ಹನ್ನೊಂದು ಹೊಸ್ತಿಲಲ್ಲಿ ಕೂತ ಹೆಂಗಸರು
ಚಹಾ ಕುಡಿಯುತ್ತ ಆ ಬೀಗವನ್ನೇ ನೋಡುತ್ತಿದ್ದರು.
ಈ ಬೀದಿಗೆ ನಾನು ಬರೆಯದ ಬೋರ್ಡು ಅದು.

ಮರುವರ್ಷ ಎಲ್ಲರಿಗೂ ಕಪ್ಪು ಬೇಕಾಯಿತು. ಬಳಿದುಕೊಟ್ಟೆ.
ಅರವತ್ತು ಅಂತ ಒಬ್ಬ, ಎಂಬತ್ತು ಅಂತ ಒಬ್ಬ.
ಮಲಿಕನ ನೂರು
ಹಬ್ಬ ಮುಗಿದು ಕುರಿಚರ್ಮ ಒಣಗಿದ ಮೇಲೂ
ನೂರಾಗಿಯೇ ಇತ್ತು.

ಈಗ ಬಸ್ ನಿಲ್ದಾಣದ ಹತ್ತಿರ
ಫ್ಲೆಕ್ಸ್ ಮುದ್ರಿಸುವ ಯಂತ್ರ ಬಂದಿದೆ.
ಅರ್ಧ ಗಂಟೆ, ನನ್ನ ಅರ್ಧ ಬೆಲೆ,
ಕಣ್ಣರೆಪ್ಪೆ ಎಣಿಸಬಹುದಾದ ಹೆಂಗಸರು.
ಪೆಂಡಾಳ ಬಳಿ ಹೋಗಿ ಕೂತೆ.
ಏನು ಮಾಡಲಿ ಹೇಳು.
ಬಾಯ್ತುಂಬ ಗುಂಡುಸೂಜಿ.
ಒಂದೊಂದೇ ತೆಗೆದು ತೋಳಿಗೆ ಚುಚ್ಚಿ ಮುಗಿಸಿ ಕೇಳಿದಳು:
ನಿನಗೆ ಬಾರದ್ದು ಏನು?
ಬಲಕ್ಕೆ ವಾಲಿದ ಕತ್ತು, ಅಂದೆ.
ಹಾಗಾದರೆ ಎಡಕ್ಕೇ ಇರಲಿ, ಅಂದಳು.
ಮತ್ತೆ ಸೂಜಿ ಬಾಯಿಗೆ.

ಅದು ಉಪಾಯವೋ
ಇನ್ನು ಎದ್ದು ಹೋಗು ಅಂದದ್ದೋ ತಿಳಿಯಲಿಲ್ಲ.
ಹೊರಗೆ ಬೋರ್ಡಿನಲ್ಲಿ ಏಳು ಉಳಿದಿತ್ತು.