ಗಾಳಿಯ ಮೇಲೆ ನಿಂತದ್ದು

ಬೆಳಿಗ್ಗೆ ಆರೂವರೆ. ಲಿಯೆಪಾಯದಲ್ಲಿ ಇನ್ನೂ ಕತ್ತಲೆ.
ಡಾಗ್ನಿಯಾಳ ಏಳು ಸೀಟಿನ ವ್ಯಾನು
ಗದರಿಸಿಕೊಂಡ ನಾಯಿಯ ಹಾಗೆ
ಹಿಂಗಾಲ ಮೇಲೆ ಕೂತಿತ್ತು,
ಎಡಕ್ಕೆ ಕೊಂಚ ಹೆಚ್ಚು ವಾಲಿ.

ಬಾಗಿಲು ತಟ್ಟಿದವಳು ಔಸ್ಮಾ, ಒಂಬತ್ತು ವರ್ಷ.
"ಕೆಳಗಿನ ಮನೆಯ ಮುದುಕರನ್ನು ಕರಿ ಅಂದಳು ಅಮ್ಮ."
ಮುದುಕ ನಾನೇ.
ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ
ಗಾಳಿಚೀಲಗಳ ಜೊತೆ ಸಂಸಾರ ಮಾಡಿ
ತೋರುಬೆರಳಿನ ಅರ್ಧವನ್ನು ಅಲ್ಲೇ ಬಿಟ್ಟು ಬಂದವನು.

ಅದಕ್ಕೇ ಮೊದಲು ಬೆರಳು ತೋರಿಸಿದೆ:
ನೋಡು ಮಗಾ, ಗಾಳಿಯನ್ನು ನಂಬಿ
ಯಾರೂ ಗಾಡಿಯ ಅಡಿಗೆ ಹೋಗಬಾರದು.
ಕಬ್ಬಿಣದ ಸ್ಟ್ಯಾಂಡು ಕೊಟ್ಟ ಮೇಲೆಯೇ ತಲೆ ಕೊಡಬೇಕು.
ಅವಳು ಬೆರಳನ್ನೇ ನೋಡಿದಳು, ಪಾಠವನ್ನಲ್ಲ.

ಇದರ ಹಿಂದೆ ಉಕ್ಕಿನ ಸ್ಪ್ರಿಂಗ್ ಇಲ್ಲ.
ಎರಡು ರಬ್ಬರ್ ಚೀಲ, ಒಂದು ಪಂಪು,
ಆಕ್ಸಲಿಗೆ ಕಟ್ಟಿದ ಬೆರಳುದ್ದದ ಸಲಾಕೆ.
ಸಲಾಕೆ ಬಗ್ಗಿದರೆ ಪಂಪಿಗೆ ತಿಳಿಯುತ್ತದೆ,
ಯಾರೋ ಹತ್ತಿದರು, ಏನೋ ಹೇರಿದರು ಅಂತ.
ಒಂದು ಮೂಟೆ ಆಲೂಗಡ್ಡೆಯಾದರೂ ಸರಿ,
ಮೂರು ಮಕ್ಕಳಾದರೂ ಸರಿ,
ಗಾಡಿ ಅದೇ ಎತ್ತರಕ್ಕೆ ಬಂದು ನಿಲ್ಲುತ್ತದೆ.
ಹೊರಗಿನಿಂದ ನೋಡಿದವರಿಗೆ
ಒಳಗೆಷ್ಟು ಭಾರವಿದೆಯೆಂದು ಗೊತ್ತೇ ಆಗುವುದಿಲ್ಲ.

ಪಾತ್ರೆ ತೊಳೆಯುವ ಸೋಪನ್ನು ನೀರಿಗೆ ಕಲಸಿ
ಬ್ರಷ್ಷಿನಲ್ಲಿ ಬಳಿದೆ. ಔಸ್ಮಾ ಟಾರ್ಚು ಹಿಡಿದಳು.
ಕೊಳವೆಯ ಗಂಟಿನಲ್ಲಿ ಏನಿಲ್ಲ. ಬಲಚೀಲ ಗಟ್ಟಿ.
ಎಡಚೀಲದ ಕೆಳಮಡಿಕೆಯಲ್ಲಿ,
ರಸ್ತೆಯ ಉಪ್ಪು, ಕಡಲ ಮರಳು ಸೇರಿ ಕಡಿದ ಕಡೆ,
ಮೊದಲೊಂದು ಗುಳ್ಳೆ,
ಆಮೇಲೆ ಹೆಸರುಕಾಳಿನಷ್ಟು ನೊರೆ.
"ಇಷ್ಟೇನಾ?" ಅಂದಳು.
ಇಷ್ಟೇ.

ಪಂಪು ಮುಟ್ಟಿದರೆ ಕೈ ಸುಡುತ್ತಿತ್ತು.
ಎಷ್ಟು ದಿನದಿಂದಲೋ, ಪಾಪ,
ಸೋರಿದಷ್ಟೂ ತುಂಬಿ, ತುಂಬಿದಷ್ಟೂ ಸೋರಿ,
ಗಾಳಿ ಗುದ್ದಿ ಮೈ ನೋಯಿಸಿಕೊಂಡದ್ದು.
ನಾನು ಕಂಡ ಪಂಪುಗಳೆಲ್ಲ ಹೀಗೆಯೇ ಸತ್ತವು,
ತಮ್ಮ ರೋಗದಿಂದಲ್ಲ,
ಬೇರೆಲ್ಲೋ ಇದ್ದ ತೂತನ್ನು
ಯಾರಿಗೂ ಕಾಣದಂತೆ ನೋಡಿಕೊಳ್ಳುತ್ತ.

"ಸಾಕಾಯಿತು ಅಂತ ಅದು ಹೇಳಬಾರದಾ?"
ಹೇಳುತ್ತದೆ. ಗಾಡಿ ನಿಲ್ಲಿಸಿ ಹೋದ ಮೇಲೂ ಗುಂಯ್‌ಗುಡುತ್ತದೆ.
ಕೇಳಬೇಕಾದವರು ಆಗ ಮೆಟ್ಟಿಲು ಹತ್ತುತ್ತಿರುತ್ತಾರೆ,
ಎರಡು ಕೈಯಲ್ಲಿ ಚೀಲ, ಬಾಯಲ್ಲಿ ಬೀಗದ ಕೈ.

ಶನಿವಾರ ಚೀಲಗಳು ಬಂದವು, ಜೋಡಿಯಾಗಿ.
ಒಂದನ್ನೇ ಬದಲಿಸಿದರೆ
ಇನ್ನೊಂದು ಆರು ತಿಂಗಳಲ್ಲಿ ಹಠ ಹಿಡಿಯುತ್ತದೆ.
ಪಂಪಿನ ಪಕ್ಕದ ಡಬ್ಬಿಯಲ್ಲಿ ತೇವ ಹೀರುವ ಹರಳು,
ಅದನ್ನೂ ಹೊಸದು ಹಾಕಿದೆ.
ಇಲ್ಲದಿದ್ದರೆ ಜನವರಿಯಲ್ಲಿ
ಗಾಳಿಯೊಳಗಿನ ನೀರು ಹೆಪ್ಪುಗಟ್ಟಿ ಕವಾಟ ಕಚ್ಚುತ್ತದೆ.
ಸಲಾಕೆಯ ತುದಿಗೆ ಗ್ರೀಸು.
ಮೊದಲು ಗಾಳಿ, ಆಮೇಲೆ ಭಾರ.
ಬರಿಹೊಟ್ಟೆಯ ಚೀಲದ ಮೇಲೆ ಗಾಡಿ ಇಳಿಸಿದರೆ
ಹೊಸ ರಬ್ಬರೂ ಮಡಿಕೆಯಲ್ಲಿ ಸೀಳುತ್ತದೆ.
ಇದನ್ನು ಎರಡು ಸಲ ಹೇಳಿದೆ. ಔಸ್ಮಾ ಮೂರನೆಯ ಸಲ
ತಾನೇ ಹೇಳಿಕೊಂಡಳು.

ಬ್ರೆಡ್ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ ಡಾಗ್ನಿಯಾ ಬಂದಳು,
ಕೋಟಿನ ತುಂಬ ಕಪ್ಪು ರೈ ರೊಟ್ಟಿಯ ವಾಸನೆ.
ಸ್ಟ್ಯಾಂಡು ತೆಗೆದಾಗಿತ್ತು.
"ಎಂಜಿನ್ ಶುರು ಮಾಡು, ಹಾಗೇ ಕೂತಿರು" ಅಂದೆ.
ಕೂತಳು.
ಹಿಂದಿನ ಸೀಟಿಗೆ ಮಕ್ಕಳು ನುಗ್ಗಿದರು,
ಹತ್ತಿರದ ಮನೆಯವರ ಮಕ್ಕಳೂ. ನಾಯಿಯೂ.
ಗಾಡಿಯ ಬೆನ್ನು ಕುಸಿಯಿತು.
ಒಂದು, ಎರಡು, ಮೂರು ಕ್ಷಣ ಏನೂ ಇಲ್ಲ.
ಆಮೇಲೆ ಆ ಗುಂಯ್, ತಣ್ಣಗಿನದು, ಆತುರವಿಲ್ಲದ್ದು.
ಇಷ್ಟಿಷ್ಟೇ ಎದ್ದಿತು.

ಸರಿಯಾಯಿತಾ ಎಂದು ಕೇಳಲು ಮುಂದೆ ಹೋದರೆ
ಸ್ಟಿಯರಿಂಗಿನ ಮೇಲೆ ಕೆನ್ನೆಯಿಟ್ಟು
ಡಾಗ್ನಿಯಾ ನಿದ್ದೆಹೋಗಿದ್ದಳು.
ಎತ್ತಿದ್ದು ಅವಳಿಗೆ ತಿಳಿಯಲಿಲ್ಲ.
ನಾನು ಕೈಚಾಚಿ ಎಂಜಿನ್ ಆರಿಸಿದೆ.
ಮಕ್ಕಳಿಗೆ ಬಾಯಿ ಮೇಲೆ ಅರ್ಧ ಬೆರಳಿಟ್ಟು ತೋರಿಸಿದೆ.

ಈಗ ಪ್ರತಿ ಬೆಳಿಗ್ಗೆ, ಶಾಲೆಗೆ ಮೊದಲು,
ಔಸ್ಮಾ ಚಕ್ರಕ್ಕೂ ತಗಡಿಗೂ ನಡುವೆ ಕೈ ತೂರಿಸಿ
ಅಳೆದು ನನ್ನ ಕಿಟಕಿಗೆ ಕೂಗುತ್ತಾಳೆ:
"ಐದು!"
ನನ್ನ ಕೈಗೆ ಅದು ಮೂರೂವರೆ.
ಗೋಡೆಯ ಪುಸ್ತಕದಲ್ಲಿ ಐದೆಂದೇ ಬರೆಯುತ್ತೇನೆ.
ಅವಳ ಬೆರಳು ಬೆಳೆದ ಹಾಗೆ ಲೆಕ್ಕ ಕಡಿಮೆಯಾಗುತ್ತದೆ,
ಆಗ ನಾನು ಸೋಪು ಕಲಸಲು ಓಡಬಾರದು.