ಹರಳು

ಮಂಡ್ಯದ ನೀರು ಪರೀಕ್ಷೆಯ ಕೋಣೆ. ಕೈಯಲ್ಲೊಂದು ಕಡ್ಡಿ,
ತುದಿಗೆ ಅಂಗಿಗುಂಡಿಯಷ್ಟಗಲದ ಹರಳು:
ಲ್ಯಾಂಥನಂ ಫ್ಲೋರೈಡು.
ನೂರು ಸಲ ಅದ್ದಿದರೂ ಕರಗದು.
ಉಪ್ಪು ಬರಲಿ, ಸುಣ್ಣ ಬರಲಿ, ಸುಮ್ಮನಿರುತ್ತದೆ;
ತನ್ನದೇ ಕುಲದ ಫ್ಲೋರೈಡು ಬಾಗಿಲು ತಟ್ಟಿದರೆ
ಓಗೊಡುತ್ತದೆ.

ಒಳಗೆ ಚಿಟಿಕೆ ಯುರೋಪಿಯಂ ಬೆರೆಸಿದ್ದಾರೆ,
ಅಲ್ಲಲ್ಲಿ ಒಂದೊಂದು ಜಾಗ ಖಾಲಿ ಉಳಿಯಲೆಂದು.
ನಾಗಮಂಗಲದ ಬಸ್ಸಿನಲ್ಲಿ ಒಬ್ಬರೆದ್ದರೆ
ಪಕ್ಕದವರು ಸರಿದು ಕೂತ ಹಾಗೆ
ಒಂದು ಅಯಾನು ಸರಿಯುತ್ತದೆ, ಅದರ ಜಾಗಕ್ಕೆ ಇನ್ನೊಂದು;
ಮೀಟರಿನಲ್ಲಿ ಅಂಕಿ ಅಲುಗುತ್ತದೆ.

ಅದೇ ಬಸ್ಸಲ್ಲಿ ಬಂದವಳು ಚಿಕ್ಕತಾಯಮ್ಮ.
ಮೊನ್ನೆ ಎಣ್ಣೆ ಬಾಟ್ಲಿಯಲ್ಲಿ ತಂದಿದ್ದಳು, ವಾಪಸು ಕಳಿಸಿದ್ದೆ.
ಇವತ್ತು ಹೊಸ ಬಾಟ್ಲಿ, ಮೂರು ಸಲ ತೊಳೆದು, ಸೆರಗಲ್ಲಿ ಸುತ್ತಿ.
"ಸೀನೀರು ಕನವ್ವ. ಬೇಳೆ ಹಾಕುದ್ರೆ ಗಂಜಿಯಂಗೆ ಬೇಯ್ತದೆ."
ನಗುವಾಗ ಬಾಯಿಗೆ ಕೈ ಅಡ್ಡ.

ಎರಡು ಪಾಯಿಂಟ್ ಎಂಟು.
ಒಂದೂವರೆ ದಾಟಬಾರದು.
ರಿಜಿಸ್ಟರಿನಲ್ಲಿ ಬರೆದೆ, ಅವಳಿಗೆ ಹೇಗೆ ಹೇಳಲಿ ಎಂದು
ಪೆನ್ನಿನ ಮುಚ್ಚಳ ಹುಡುಕುತ್ತ ಕೂತೆ.

ಅವಳು ಕಡ್ಡಿಯ ತುದಿಯನ್ನೇ ನೋಡುತ್ತಿದ್ದಳು.
"ದಿನಾ ಇಂಥ ನೀರಲ್ಲೇ ಮುಳುಗ್ತದಲ್ಲ,
ಆ ಕಲ್ಗೆ ಏನೂ ಆಗಾಕಿಲ್ವ?"